ಪಾರ್ಸೆಲ್ ಆಫೀಸಿನ ತೂಕ

ಅಪ್ಪಾ,

ಸೋಮವಾರ ಹತ್ತು ಗಂಟೆಗೆ ಡಾಕ್ಟರು ನನ್ನನ್ನು ನೋಡುತ್ತಾರೆ! ತೂಕ ಇಳಿಸುವ ಆಪರೇಷನ್ನಿಗೆ ಮೊದಲ ಭೇಟಿ. ಮೂರು ವರ್ಷ ಮೀನಮೇಷ ಎಣಿಸಿದವಳು ಇವತ್ತು ಫೋನ್ ಮಾಡಿಯೇಬಿಟ್ಟೆ.

ಆಸ್ಪತ್ರೆಯ ಹುಡುಗಿ, "ಈಗ ಎಷ್ಟು ತೂಕ ಇದ್ದೀರಾ ಮೇಡಂ?" ಅಂದಳು. ಮನೆಯ ಮೆಷಿನ್ನಿನ ಮುಳ್ಳು ನನ್ನನ್ನು ಕಂಡರೆ ಕೊನೆಗೆ ಹೋಗಿ ನಿಂತುಬಿಡುತ್ತದೆ. "ಹತ್ತು ನಿಮಿಷದಲ್ಲಿ ಹೇಳ್ತೀನಿ" ಅಂದವಳೇ ನೀನು ತೂಕ ಹಾಕುತ್ತಿದ್ದ ಪಾರ್ಸೆಲ್ ಆಫೀಸಿಗೆ ಓಡಿದೆ. ಓಡಿದೆ ಅಂದರೆ ನಗಬೇಡ.

ನಿನ್ನ ಜೊತೆಗಿದ್ದ ಹಮಾಲಿ ಮಾವ ಇನ್ನೂ ಅಲ್ಲೇ ಇದ್ದಾನೆ.

"ತೂಕದ ಹಲಗೆ ಹತ್ತು ಮಗಳೇ," ಅಂದ. "ನಿಮ್ಮಪ್ಪ ಇದ್ದಿದ್ರೆ ಹಲಗೆ ಕೆಳಗೆ ಕಾಲ್ಬೆರಳು ಕೊಟ್ಟು ಎತ್ತೋನು. ನೀನು ಚಿಕ್ಕೋಳಿದ್ದಾಗ ಹಾಗೇ ಮಾಡಿ ತೂಕ ಕಮ್ಮಿ ತೋರಿಸ್ತಿದ್ದ, ಯಾರೂ ನಗಬಾರ್ದು ಅಂತ."

ನನಗೆ ಗೊತ್ತೇ ಇರಲಿಲ್ಲ. ಎಲ್ಲರೆದುರು ತೂಗಿ ಮಾನ ಕಳೆಯುತ್ತೀಯ ಎಂದು ಹನ್ನೆರಡನೇ ವಯಸ್ಸಿನಲ್ಲಿ ಕೂಗಾಡಿದ್ದೆನಲ್ಲ, ಆಮೇಲೆ ನೀನು ಅಲ್ಲಿಗೆ ಕರೆಯಲಿಲ್ಲ. ನಾನೂ ಬರಲಿಲ್ಲ.

ನೂರ ಮೂವತ್ತೆಂಟು ಕಿಲೋ! ಅಲ್ಲಿಂದಲೇ ಫೋನ್ ಮಾಡಿ, ಎಲ್ಲರೆದುರು, ಗಟ್ಟಿಯಾಗಿ ಹೇಳಿದೆ. ಹಮಾಲಿ ಮಾವ ಚಪ್ಪಾಳೆ ತಟ್ಟಿದ.

ಇಳಿಯುವ ಮುಂಚೆ ಬಗ್ಗಿ ಒಮ್ಮೆ ಹಲಗೆಯ ಕೆಳಗೆ ನೋಡಿದೆ.