ಅರ್ಜಿಯಲ್ಲಿ ಬರೆಯದ ಹೆಸರು

ನಿಡಘಟ್ಟ
20ನೇ ಮೇ 1940

ನಮ್ಮ ಮನೆಯವರ ಪಾದಗಳಿಗೆ ಯಶೋದೆಯ ನಮಸ್ಕಾರಗಳು.

ಇದನ್ನು ಒಲೆಗೆ ಹಾಕುವುದಾದರೂ ಒಂದು ಸಲ ಓದಿ ಆಮೇಲೆ ಹಾಕಿ. ಒಂದೂವರೆ ವರ್ಷದಿಂದ ತವರಿನಲ್ಲಿ ಕೂತವಳಿಗೆ ಈಗ ಗಂಡನ ನೆನಪಾಯಿತೇ ಎಂದು ನೀವು ಮೂಗು ಮುರಿಯುತ್ತೀರಿ, ಗೊತ್ತು. ಮುರಿಯಿರಿ. ಮಾಯಮ್ಮನ ತಿಥಿಯ ದಿನ ನೀವು ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಿರಿ. ನಾನು ಹಿತ್ತಲ ಬಾಗಿಲಲ್ಲಿ ನಿಂತಿದ್ದೆ. ಒಡಹುಟ್ಟಿದ ತಂಗಿಯನ್ನು ಮಣ್ಣು ಮಾಡಿದ ನಿಮಗೆ ಒಂದು ಲೋಟ ನೀರನ್ನೂ ನಾನು ಕೈಯಾರೆ ಕೊಡಲಿಲ್ಲ. ಕೊಟ್ಟರೆ ತೆಗೆದುಕೊಳ್ಳುತ್ತೀರೋ ಇಲ್ಲವೋ ಎಂಬ ಹೆದರಿಕೆ. ಮಾರನೆಯ ಬೆಳಿಗ್ಗೆ ನೀವು ಯಾರಿಗೂ ಹೇಳದೆ ಮಂಡ್ಯಕ್ಕೆ ಹೊರಟುಹೋದಿರಿ. ಅದಕ್ಕೇ ಈ ಕಾಗದ.

ಆ ಅರ್ಜಿಯ ವಿಷಯವೇ, ಇನ್ನೇನು. ನೀವು ಪ್ರಜಾಪ್ರತಿನಿಧಿ ಸಭೆಗೆ ಆರಿಸಿ ಬಂದಾಗ ಊರವರು ತಮಟೆ ಹೊಡೆಸಿದರು. ದಸರಾ ಅಧಿವೇಶನಕ್ಕೆ ನೀವು ಮೈಸೂರಿಗೆ ಹೊರಟ ದಿನ ನಿಮ್ಮ ಕೋಟಿನ ಜೇಬಿಗೆ ನಾನೇ ಅರ್ಜಿಯನ್ನು ಇಟ್ಟೆ. ನಾವು ಊರ ಹೆಂಗಸರು ಕೇಳಿದ್ದು ಆಕಾಶವನ್ನೇನಲ್ಲ. ಬಸಿರು ತಡೆಯುವ ವಿಧಾನವನ್ನು ಮೈಸೂರಿನ ಆಸ್ಪತ್ರೆಯಲ್ಲಿ ಹೇಳಿಕೊಡುತ್ತಾರೆ, ಸರ್ಕಾರವೇ ಅಪ್ಪಣೆ ಕೊಟ್ಟಿದೆ. ನಮ್ಮ ಮಳವಳ್ಳಿಗೂ ವಾರಕ್ಕೊಂದು ದಿನ ಲೇಡಿ ಡಾಕ್ಟರನ್ನು ಕಳಿಸಿ. ಒಬ್ಬಳೇ ಬಂದ ಹೆಂಗಸನ್ನು ಗಂಡನನ್ನು ಕರಕೊಂಡು ಬಾ ಎಂದು ಹಿಂದಕ್ಕೆ ಅಟ್ಟಬೇಡಿ. ಇಷ್ಟೇ. ಮಕ್ಕಳಿಲ್ಲದ ಈ ಯಶೋದಮ್ಮನಿಗೆ ಊರವರ ಮಕ್ಕಳ ಉಸಾಬರಿ ಏಕೆ ಎಂದು ಜನ ಆಡಿಕೊಂಡರು. ಮಕ್ಕಳೇ ಬೇಡವೆಂದು ನಾವೆಲ್ಲಿ ಬರೆದಿದ್ದೆವು? ಒಂದು ಹೆರಿಗೆಗೂ ಇನ್ನೊಂದಕ್ಕೂ ನಡುವೆ ಮೈಯಲ್ಲಿ ರಕ್ತ ಊರಲಿ ಎಂದೆವು. ನನಗೆ ಮಕ್ಕಳಿಲ್ಲ, ಸರಿ. ಕಣ್ಣೂ ಇಲ್ಲವೇ?

ಸರ್ಕಾರದ ಕಾಗದದಲ್ಲಿ ಹೆಣ್ಣಿನ ಹೆಸರಿನ ಮುಂದೆ ‘ಕೋಂ’ ಎಂದು ಹಾಕಿ ಗಂಡನ ಹೆಸರು ಬರೆಯಬೇಕು. ನಾನೂ ಎಲ್ಲರ ಹೆಸರಿನ ಮುಂದೆ ಕೋಂ ಎಂದು ಬರೆದೆ. ಅಲ್ಲಿಗೆ ಲೇಖನಿ ನಿಂತಿತು. ಗಂಡನ ಹೆಸರು ಹೇಳು ಎಂದರೆ ಹೊಂಬಾಳಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದಳು, ಚಿಕ್ಕನಂಜಮ್ಮ ನಕ್ಕು ಕಂಬದ ಹಿಂದೆ ಅಡಗಿದಳು. ಹೇಳಿದರೆ ಗಂಡನ ಆಯುಸ್ಸು ತಗ್ಗುತ್ತದಲ್ಲ! ಒಬ್ಬಳ ಗಂಡನ ಹೆಸರನ್ನು ಇನ್ನೊಬ್ಬಳು ಹೇಳಬಹುದಿತ್ತು. ಆದರೆ ಇಂಥ ಸಂಗತಿಯ ಕಾಗದದಲ್ಲಿ ಅವರನ್ನು ಎಳೆಯುವುದು ಮರ್ಯಾದೆಯಲ್ಲ ಎಂದು ಒಬ್ಬರೂ ಒಪ್ಪಲಿಲ್ಲ. ಮೊದಲನೆಯ ಸಾಲು ನನ್ನದೇ. ಯಶೋದಮ್ಮ, ಕೋಂ, ಆಮೇಲೆ ಖಾಲಿ. ನನಗೇನೂ ಅನ್ನಿಸಲಿಲ್ಲ. ನಮ್ಮ ಮನೆಗೆ ಯಾವ ಕಾಗದ ಬಂದರೂ ನಿಮ್ಮ ಹೆಸರಿನ ಜಾಗ ಬಿಟ್ಟು ನಾನು ಬರೆಯುತ್ತಿದ್ದೆ, ನೀವು ಬಂದು ಅದನ್ನು ತುಂಬುತ್ತಿದ್ದಿರಿ. ಊರಿನ ಮನೆಮನೆಯೂ ನಿಮಗೆ ಗೊತ್ತು. ಮೈಸೂರಿನ ಛತ್ರದಲ್ಲಿ ಕೂತು ಎಲ್ಲವನ್ನೂ ತುಂಬಿಕೊಳ್ಳುತ್ತೀರಿ ಎಂದುಕೊಂಡೆ. ಬಾಯಿಬಿಟ್ಟು ಹೇಳಬೇಕು ಎಂದು ಹೊಳೆಯಲೇ ಇಲ್ಲ.

ಛತ್ರದಲ್ಲಿ ಆದದ್ದು ನೀವೇ ಕೂಗಾಡಿದ್ದರಿಂದ ತಿಳಿಯಿತು. ಜೊತೆಯ ಮೆಂಬರುಗಳು ಅರ್ಜಿ ಕಸಿದುಕೊಂಡು ಓದಿದರಂತೆ. “ಏನಯ್ಯ, ನಿನ್ ಎಂಡ್ರೇ ನಿನ್ ಎಸ್ರ ಬುಟ್ಬುಟ್ಟವ್ಳಲ್ಲ, ಮನೇಲಿ ಅವ್ಳೋ ಇಲ್ವೋ?” ಎಂದು ನಕ್ಕರಂತೆ. ನಿಮಗೆ ಮೂಗಿನ ತುದಿಯಲ್ಲೇ ಕೋಪ. ಸಭೆಯಲ್ಲಿ ಅರ್ಜಿಯನ್ನು ಎತ್ತಲೇ ಇಲ್ಲ. ಶಿವನಸಮುದ್ರದ ಕರೆಂಟು ನಮ್ಮ ತಲೆಯ ಮೇಲೆ ಹಾದು ಕೋಲಾರಕ್ಕೆ ಹೋಗುತ್ತದೆ, ನಮ್ಮೂರಿಗೆ ಒಂದು ದೀಪವಿಲ್ಲ ಎಂದು ಕೇಳಿದಿರಿ, ಪೇಪರಿನಲ್ಲೂ ಬಂತು. ಚೆನ್ನಾಗಿಯೇ ಕೇಳಿದಿರಿ, ಬೇಡವೆನ್ನುವುದಿಲ್ಲ. ಮನೆಗೆ ಬಂದು ಅರ್ಜಿಯನ್ನು ನನ್ನ ಮುಂದೆ ಎಸೆದು, “ಗಂಡ ಇಲ್ದೋರ ಅರ್ಜಿ ಇದು, ತಗಾ” ಎಂದಿರಿ.

ತಾಳಿ ಕಟ್ಟಿದವರ ಬಾಯಲ್ಲೇ ಆ ಮಾತು ಕೇಳಿದೆನಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಅಂದೇ ತವರಿಗೆಂದು ಮದ್ದೂರಿನ ಬಸ್ಸು ಹತ್ತಿದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದಾಗ ಬಂದೀತೇ? ರೀ, ಅದು ಖಾಲಿಯಲ್ಲ, ನಿಮ್ಮ ಆಯುಸ್ಸಿಗೆಂದು ಬಿಟ್ಟ ಜಾಗ ಎಂದು ಒಂದೇ ಒಂದು ಮಾತು ಅಂದಿದ್ದರೆ ನಿಮ್ಮ ಕೋಪ ಇಳಿಯುತ್ತಿತ್ತು. ಬರುವ ಅಧಿವೇಶನಕ್ಕಾದರೂ ಒಯ್ಯುತ್ತಿದ್ದಿರಿ. ನಾನು ಅನ್ನಲಿಲ್ಲ. ನೀವು ಕೇಳಲಿಲ್ಲ. ನಮ್ಮಿಬ್ಬರ ಹಟದ ನಡುವೆ ಇದ್ದವಳು ಮಾಯಮ್ಮ.

ಹೌದು. ಅರ್ಜಿಯ ಎರಡನೆಯ ಸಾಲಿನ ಮಾಯಮ್ಮ ನಿಮ್ಮ ತಂಗಿಯೇ. ನಮ್ಮೂರಲ್ಲಿ ಮನೆಗೊಬ್ಬಳು ಮಾಯಮ್ಮ ಇದ್ದಾಳೆ, ಗಂಡನ ಹೆಸರಿಲ್ಲದೆ ನಿಮಗೆ ಗುರುತು ಸಿಗಲಿಲ್ಲ. ಐದನೆಯ ಹೆರಿಗೆಯಲ್ಲಿ ಅವಳಿಗೆ ಪ್ರಜ್ಞೆ ತಪ್ಪಿ, ಇನ್ನೊಂದಾದರೆ ಜೀವ ಉಳಿಯುವುದಿಲ್ಲ ಎಂದು ಸೂಲಗಿತ್ತಿ ಕಡ್ಡಿ ಮುರಿದಂತೆ ಹೇಳಿದ್ದಳು. ಆ ದಿನದಿಂದ ಅವಳು ಗಂಡನ ಹೆಜ್ಜೆಯ ಸದ್ದಿಗೇ ಹೆದರುತ್ತಿದ್ದಳು. ಬಾವಿಕಟ್ಟೆಯ ಹತ್ತಿರ ನನ್ನ ಕೈ ಹಿಡಿದು, “ಅಣ್ಣುಂಗೆ ಯೋಳ್ಬ್ಯಾಡ ಕಣತ್ಗೆ, ನಾಚ್ಕೆ ಆಯ್ತದೆ. ನೀನೇ ಏನಾರಾ ಮಾಡು” ಎಂದಳು. ನನ್ನ ಕೈಲಾದದ್ದು ಆ ಅರ್ಜಿಯೇ. ನಿಮ್ಮ ತಂಗಿ ಎಂದು ತಿಳಿದಿದ್ದರೆ ಯಾರು ನಕ್ಕರೂ ನೀವು ಎದ್ದು ನಿಲ್ಲುತ್ತಿದ್ದಿರಿ, ನನಗೆ ಗೊತ್ತು. ಅವಳಿಗೆ ಕೊಟ್ಟ ಮಾತು ಉಳಿಸಿಕೊಂಡೆ, ಅವಳನ್ನು ಉಳಿಸಿಕೊಳ್ಳಲಿಲ್ಲ. ಅಯ್ಯೋ, ಎಂಥ ನಗುಮುಖದ ಹುಡುಗಿ! ಆರನೆಯದಕ್ಕೆ ನೋವು ಬಂದು ಮಳವಳ್ಳಿಗೆ ಗಾಡಿ ಕಟ್ಟಿದಾಗಲೂ ಹಟ್ಟಿಯ ಹಸು ಕರೆಯುವುದನ್ನು ಮರೆಯಬೇಡಿ ಎಂದಳಂತೆ. ದಾರಿಯಲ್ಲೇ ಹೋದಳು, ಹೊಟ್ಟೆಯಲ್ಲಿದ್ದದ್ದೂ ಹೋಯಿತು.

ನೀವು ಮಂಡ್ಯಕ್ಕೆ ಹೋದ ಮೇಲೆ ಮನೆಯಲ್ಲಿ ನಡೆದದ್ದನ್ನು ನಿಮಗೆ ಯಾರೂ ಹೇಳಿರಲಾರರು. ಹೆಂಗಸರು ದುಃಖ ಕೇಳಲು ಬಂದು ಅಂಗಳ ತುಂಬ ಕೂತಿದ್ದರು. ನಿಮ್ಮ ತಾಯಿ ಒಳಗಿನಿಂದ ಬಂದು ನನ್ನ ಮುಂದೆ ಕಾಲು ಚಾಚಿ ಕೂತರು. ಅರ್ಜಿ ಕಟ್ಟಿಕೊಂಡು ಊರೂರು ಸುತ್ತುತ್ತೀಯಾ ಎಂದು ನನ್ನನ್ನು ಬೈದವರೂ ಅವರೇ. “ಕಾಗ್ದ ತಗಾ” ಎಂದರು. ಯಾವ ಕಾಗದ ಎಂದರೆ, “ಅದೇ ಕಣಮ್ಮ, ನನ್ ಮಗ ಬಿಸಾಕುದ್ನಲ್ಲ, ಅದ್ನೇ ಇನ್ನೊಂದ್ಕಿತ ಬರಿ” ಎಂದರು. ಆಮೇಲೆ ಎಲ್ಲರನ್ನೂ ನೋಡಿ ಹೇಳಿದರು: “ಗಂಡುನ್ ಎಸ್ರೇಳುದ್ರೆ ಆಯಸ್ಸು ಕಮ್ಮಿ ಅಂತ ನಮ್ಮವ್ವ ಯೋಳುದ್ಲು. ನಾನೂ ನನ್ ಮಗ್ಳಿಗೆ ಅದ್ನೇ ಯೋಳ್ಕೊಟ್ಟೆ. ಅಳಿಮಯ್ಯ ಕಲ್ಗುಂಡಂಗವ್ನೆ. ಸತ್ತೋಳು ನನ್ ಮಗ್ಳು. ಬರ್ಕಳವ್ವ, ಮರಿತಾಯಮ್ಮ, ಗಂಡುನ್ ಎಸ್ರು ಲಿಂಗಯ್ಯ.”

ಮಾವನವರು ತೀರಿಕೊಂಡು ಇಷ್ಟು ವರ್ಷವಾದರೂ ಆ ಹೆಸರು ಅತ್ತೆಯ ಬಾಯಲ್ಲಿ ಬಂದದ್ದು ಅದೇ ಮೊದಲು. ಹೇಳಿದವರೇ ಗೊಳೋ ಎಂದು ಅತ್ತರು. ಆಮೇಲೆ ಚಿಕ್ಕನಂಜಮ್ಮ ಗೋಡೆಯ ಕಡೆ ತಿರುಗಿಕೊಂಡು ಗೋಡೆಗೆ ಹೇಳುವ ಹಾಗೆ ಗಂಡನ ಹೆಸರು ಹೇಳಿದಳು. ಹೊಂಬಾಳಮ್ಮ, “ಸತ್ರೆ ಸಾಯ್ಲಿ ಬುಡು” ಎಂದು ಜೋರಾಗಿ ಹೇಳಿ, ತಕ್ಷಣ ನಾಲಿಗೆ ಕಚ್ಚಿಕೊಂಡು ಕೆನ್ನೆ ಕೆನ್ನೆ ಬಡಿದುಕೊಂಡಳು. ಸಾವಿನ ಮನೆಯಲ್ಲಿ ಎಲ್ಲರೂ ನಕ್ಕೆವು. ಒಬ್ಬೊಬ್ಬರದ್ದೂ ಬರೆದು ಮುಗಿಸಿ ನನ್ನ ಸಾಲಿಗೆ ಬಂದಾಗ ಕಾಗದ ಮಡಿಸಿದೆ. “ನಮ್ದೆಲ್ಲ ಬರ್ಕಂಡು ನೀನ್ ತಪ್ಪುಸ್ಕಂಡಿಯಾ?” ಎಂದು ಎಲ್ಲರೂ ಮೇಲೆ ಬಿದ್ದರು. ನಿಡಘಟ್ಟಕ್ಕೆ ಹೋಗಿ ಬರೆಯುತ್ತೇನೆ ಎಂದು ಸುಳ್ಳು ನೆಪ ಹೇಳಿ ಎದ್ದು ಬಂದೆ.

ಆ ಹೊಸ ಅರ್ಜಿಯನ್ನು ಇದರ ಜೊತೆ ಇಟ್ಟಿದ್ದೇನೆ. ನೀವು ಎಸೆದ ಹಳೆಯದನ್ನೂ ಇಟ್ಟಿದ್ದೇನೆ, ಅದರಲ್ಲಿ ಮಾಯಮ್ಮನ ಹೆಬ್ಬೆಟ್ಟಿದೆ. ಅವಳ ಗಂಡ ಕೆಂಪಸಿದ್ದಯ್ಯನ ಹೆಸರನ್ನು ನಾನೇ ಬರೆಯಬಹುದು. ಬರೆಯಲಿಲ್ಲ. ಆ ಜಾಗವನ್ನು ನಿಮ್ಮ ಕೈಯಾರೆ ತುಂಬಿ. ಜೂನ್ ಅಧಿವೇಶನಕ್ಕೆ ಎರಡನ್ನೂ ಒಯ್ದು ಓದಿ. ನಗುವವರು ನಗಲಿ. ಎರಡನೆಯ ಸಾಲಿನ ಹೆಬ್ಬೆಟ್ಟು ಯಾರದೆಂದು ಅವರಿಗೂ ಹೇಳಿ. ಮಾಯಮ್ಮನಿಗೆ ಇನ್ನು ಯಾವ ಡಾಕ್ಟರೂ ಬೇಕಿಲ್ಲ. ಆದರೆ ಚಿಕ್ಕನಂಜಮ್ಮನನ್ನು ನಾನು ತಿಥಿಯಲ್ಲಿ ನೋಡಿದೆ. ಕಂಕುಳಲ್ಲಿ ಒಂದು, ಕೈಹಿಡಿದು ಒಂದು, ಮುಖ ಸುಣ್ಣದ ಹಾಗೆ ಬಿಳಿಚಿದೆ.

ನೀವು ಓದಿದರೆ ನಾನು ಊರಿಗೆ ಬರುತ್ತೇನೆ ಎಂದು ಕರಾರು ಹಾಕುತ್ತಿಲ್ಲ. ಕರೆದರೆ ಬರುತ್ತೇನೆ. ಕರೆಯದಿದ್ದರೂ ಓದಿ.

ಇಂತಿ,
ಯಶೋದಮ್ಮ
ಕೋಂ ಚೌಡಯ್ಯ

ಮರೆತಿದ್ದೆ: ಮೇಲಿನ ಸಾಲನ್ನೂ ಹೊಸ ಅರ್ಜಿಯ ನನ್ನ ಸಾಲನ್ನೂ ಬರೆದು ಲೇಖನಿ ಕೆಳಗಿಟ್ಟವಳೇ ತಾಳಿ ಮುಟ್ಟಿ ನೋಡಿಕೊಂಡೆ. ದೇವರ ಮುಂದೆ ತುಪ್ಪದ ದೀಪವನ್ನೂ ಹಚ್ಚಿದೆ. ನಗಬೇಡಿ. ಅರ್ಜಿಯ ಮಾತು ಹಾಗಿರಲಿ, ಕ್ಷೇಮವಾಗಿದ್ದೇನೆ ಎಂದು ಮೊದಲು ಒಂದು ಕಾರ್ಡು ಹಾಕಿ. ಅದು ಬರುವ ತನಕ ನನ್ನ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ.