ಬೆಳ್ಳಗಾದ ಸವಾರರು

ಫೆಬ್ರುವರಿ 9, ಬೆಳಿಗ್ಗೆ

ಕುಂಚ ತೊಳೆದದ್ದಾಯಿತು. ಚಹಾ ಹಿಡಿದು, ಎತ್ತರದ ಕಂಬಗಳ ಮೇಲೆ ನಿಂತ ಮನೆಯ ಕೆಳಗೆ ಇಳಿದೆ. ಡೆಸ್ ಮಾಮ ಕಂಬಗಳ ನಡುವೆ ನಿಂತಿದ್ದ, ಕೈಯಲ್ಲಿ ಹೊಳಪಿಲ್ಲದ ಮ್ಯಾಟ್ ವಾರ್ನಿಷ್‌ನ ಸ್ಪ್ರೇ ಡಬ್ಬಿ. ಬೇಡ ಅನ್ನುವಷ್ಟರಲ್ಲಿ ಹೊಡೆದು ಮುಗಿಸಿದ್ದ. ಟೌನ್ಸ್‌ವಿಲ್‌ನ ಫೆಬ್ರುವರಿ, ಬೇಸಿಗೆಯಲ್ಲೇ ಮಳೆಗಾಲ, ಟವೆಲ್ ಕೂಡ ಒಣಗದ ಗಾಳಿ. ನೋಡುನೋಡುತ್ತಿದ್ದಂತೆ ಸವಾರರೆಲ್ಲ ಬೆಳ್ಳಗೆ — ಹಿಟ್ಟಿನಲ್ಲಿ ಹೊರಳಿ ಎದ್ದವರ ಹಾಗೆ.

ಮಾಮ ಬಣ್ಣ ಬರೆದ, ಹೆಬ್ಬೆರಳಿನಷ್ಟು ಎತ್ತರದ ಗೊಂಬೆ ಸವಾರರು, ಕುದುರೆ ಸಮೇತ. ಮುಖ ಕಡಲೆಕಾಳಿಗಿಂತ ಚಿಕ್ಕದು. ಚಾರ್ಟರ್ಸ್ ಟವರ್ಸ್‌ನ ಮಾಜಿ ಸೈನಿಕರ ಕ್ಲಬ್ಬಿಗೆ, ಏಪ್ರಿಲ್‌ನಲ್ಲಿ ಯುದ್ಧದಲ್ಲಿ ಮಡಿದವರನ್ನು ನೆನೆಯುವ ಆ್ಯನ್ಜ್ಯಾಕ್ ದಿನಕ್ಕೆ. ಆ ಊರಿಂದ ಯುದ್ಧಕ್ಕೆ ಹೋದವರ ಹಳೆಯ ಫೋಟೋ ನೋಡಿ ಮಾಮ ನಿಜವಾದ ಮುಖಗಳನ್ನೇ ಬರೆದಿದ್ದಾನೆ. ಜನ ಅವರಲ್ಲಿ ತಮ್ಮ ಮುತ್ತಜ್ಜನನ್ನು ಹುಡುಕಿಕೊಂಡು ಬರುತ್ತಾರೆ.

"ತೇವ ಇದ್ದಾಗ ಹೊಡೀಬೇಡಿ ಅಂತ ಡಬ್ಬಿ ಮೇಲೇ ಬರ್ದಿದೆ, ಮಾಮ."

"ಅಷ್ಟು ಸಣ್ಣ ಅಕ್ಷರ ಓದ್ಲಿ ಅಂತಾನೇ ನಿನ್ನನ್ನ ಯೂನಿವರ್ಸಿಟಿಗೆ ಕಳ್ಸಿದ್ದು, ಮಾರ್ನೀ."

ಫೆಬ್ರುವರಿ 11

ಎಲ್ಲರನ್ನೂ ಏಸಿ ಇರುವ ನನ್ನ ಕೋಣೆಗೆ ತಂದೆ. ಹೊಳಪಿನ ವಾರ್ನಿಷ್, ತೆಳ್ಳಗೆ, ಕುಂಚದಿಂದ. ಬಿಳುಪಿನ ತರಿಯೊಳಗೆ ಅದು ಇಳಿದರೆ ಬಣ್ಣ ಮತ್ತೆ ಕಾಣುತ್ತದಂತೆ. ಕಂಡಿತು. ಮೊದಲು ಕುದುರೆಯ ಕಂದು, ಆಮೇಲೆ ಖಾಕಿ, ಕೊನೆಗೆ ಮುಖ. ಒಬ್ಬನ ತುಟಿ ಬಿಸಿಲಿಗೆ ಒಡೆದಿರುವುದೂ ಕಂಡಿತು. ಒಬ್ಬಳೇ ಕೂತು ನಕ್ಕೆ.

ಫೆಬ್ರುವರಿ 12

ಮಾಮ ದೀಪದ ಕೆಳಗೆ ಹಿಡಿದು ನೋಡಿದ.

"ಮೈ ಸರಿಯಾಗಿದೆ. ಮುಖದ ಮೇಲೆ ಇನ್ನೂ ಮಂಜು ಇದ್ಯಲ್ಲೇ."

ನನಗೆ ಕಾಣಲಿಲ್ಲ. ಆದರೆ ಅವನದು ಜೀವಮಾನವಿಡೀ ಇದನ್ನೇ ನೋಡಿದ ಕಣ್ಣು. ನಾನು ಅವನ ಹತ್ತಿರ ಕಲಿಯಲು ಬಂದು ಒಂದು ಬೇಸಿಗೆ ಆಯಿತು, ಅಷ್ಟೆ. ಮುಖಗಳಿಗೆ ಇನ್ನೊಂದು ಕೈ.

ಫೆಬ್ರುವರಿ 17

ಇನ್ನೂ ಮಂಜು ಅಂತೆ. ಹತ್ತಿಕಡ್ಡಿಯಲ್ಲಿ ಒಂದಿಷ್ಟು ಆಲಿವ್ ಎಣ್ಣೆ ಸವರಿದೆ.

"ಸೈನಿಕರೋ ಸಲಾಡೋ?"

"ಇಂಟರ್ನೆಟ್ಟಲ್ಲಿ ಎಲ್ರೂ ಹೀಗೇ ಮಾಡ್ತಾರೆ."

"ಹಾಗಿದ್ರೆ ಟೊಮ್ಯಾಟೋನೂ ಹಾಕು."

ಎಣ್ಣೆ ಒರೆಸಿ ಮತ್ತೊಂದು ಕೈ ವಾರ್ನಿಷ್. ಕಣ್ಣಿನ ಗುಳಿಯಲ್ಲಿ ಅದು ನಿಲ್ಲತೊಡಗಿದೆ. ಅವನು ಬರೆದ ನೆರಳುಗಳು ಮುಳುಗುತ್ತಿವೆ. ಹೀಗೇ ಹೋದರೆ ಎಲ್ಲರೂ ಮೇಣದ ಗೊಂಬೆಗಳು... ನನಗೆ ಮಾತ್ರ ಕಾಣುತ್ತಿದೆಯೆ ಇದು?

ಫೆಬ್ರುವರಿ 20

"ಬಾವುಟ ಹಿಡಿದವನ ಕೋಲು ಬಗ್ಗಿಸಿದ್ದೀಯ."

"ಇಲ್ಲ, ಮಾಮ."

"ನಡೂಮಧ್ಯದಲ್ಲಿ. ಹಾವಿನ ಥರ. ಒರೆಸೋವಾಗ ಒತ್ತಿದ್ದೀಯ."

ಅವನು ಎದ್ದು ಹೋದ ಮೇಲೆ ಕೋಲಿಗೆ ಸ್ಕೇಲ್ ಇಟ್ಟು ನೋಡಿದೆ. ಹಿತ್ತಾಳೆ ತಂತಿ. ನೆಟ್ಟಗಿದೆ. ಕೂದಲೆಳೆಯಷ್ಟೂ ಸಂದಿಲ್ಲ.

ಮಂಜು ಸವಾರರ ಮೇಲಿಲ್ಲ.

ಅದೇ ದಿನ, ಸಂಜೆ

ಅಮ್ಮನಿಗೆ ಫೋನ್ ಮಾಡಿದೆ, ಅವಳ ಊರು ಮೆಕೈಗೆ. ಕೋಲಿನ ವಿಷಯ ಹೇಳಿದೆ.

"ಕ್ರಿಸ್ಮಸ್‌ನಲ್ಲೇ ಅವನು ಸೀಗಡಿ ತಟ್ಟೆ ಬಿಟ್ಟು ಪಕ್ಕಕ್ಕೆ ಕೈ ಹಾಕ್ತಿದ್ದ. ಬಿಯರ್ ಜಾಸ್ತಿ ಆಯ್ತು ಅಂದ್ಕೊಂಡೆ. ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡ್ಹೋಗು. ಇಂಥದ್ರಲ್ಲಿ ತಡ ಮಾಡ್ಬಾರ್ದು."

"ಹೇಗೆ ಹೇಳ್ಲಿ, ಅಮ್ಮ?"

"ಯೂನಿವರ್ಸಿಟೀಲಿ ಮಾತಾಡೋದನ್ನೇ ಓದಿದೋಳಲ್ವೇ ನೀನು?"

ಮಾರ್ಚ್ 6

ಹೇಳಿಲ್ಲ. ಇವತ್ತು ಮಾಂಸದ ಪೈ ತಿನ್ನುವಾಗ ಶುರು ಮಾಡಿದೆ. "ಮಾಮ, ಕಣ್ಣು ಒಂದ್ಸಲ ತೋರಿಸಿದ್ರೆ..."

"ಕಣ್ಣು ಹೋದ ದಿನ ನನ್ನನ್ನ ರಾಸ್ ಹೊಳೆಗೆ ತಳ್ಳಿಬಿಡು. ಮೊಸಳೆಗಾದ್ರೂ ಊಟ ಆಗ್ತೀನಿ." ನಕ್ಕ. ಸಾಸ್ ತಟ್ಟೆಯ ಹೊರಗೆ ಸುರಿದ. ಒರೆಸಿದೆ.

ಮಾರ್ಚ್ 8, ಮಧ್ಯಾಹ್ನ

ಕೆಳಗೆ ಥಿನ್ನರ್ ವಾಸನೆ. ಅದು ವಾರ್ನಿಷ್ ಕರಗಿಸುವುದಕ್ಕೇ ನಿಲ್ಲುವುದಿಲ್ಲ, ಕೆಳಗಿನ ಬಣ್ಣವನ್ನೂ ತೆಗೆಯುತ್ತದೆ. ಮಾಮನಿಗೆ ಗೊತ್ತು.

"ಮುಖ ಅಳಿಸಿ ಮತ್ತೆ ಬರೀತೀನಿ. ಏಪ್ರಿಲ್‌ಗೆ ಇನ್ನೂ ಟೈಮಿದೆ."

"ಬೇಡ, ಮಾಮ. ಚೆನ್ನಾಗೇ ಇದೆ."

"ಚೆನ್ನಾಗಿದೆ ಅಂತ ನಿಮ್ಮಮ್ಮನೂ ಹೇಳ್ತಾಳೆ, ಎಲ್ಲದಕ್ಕೂ. ಮಂಜು ಇದ್ಯೋ, ಇಲ್ವೋ? ನೀನು ಏನಂತೀಯೋ ಅದನ್ನ ನಂಬ್ತೀನಿ."

ನನ್ನ ಕಡೆ ತಿರುಗಿದ. ನನ್ನನ್ನಲ್ಲ, ನನ್ನ ಕಿವಿಯ ಪಕ್ಕ ನೋಡುತ್ತಿದ್ದ. ಇಲ್ಲ ಅನ್ನಬೇಕಿತ್ತು. ಒಂದೇ ಮಾತು. ಅಲ್ಲಿಂದ ಡಾಕ್ಟರು, ಅಲ್ಲಿಂದ ಏನಾದರೂ...

"ಸ್ವಲ್ಪ ಇದೆ," ಅಂದೆ.

ಅವನ ಭುಜ ಕೆಳಗಿಳಿಯಿತು. ಎಷ್ಟು ಸಮಾಧಾನ ಆ ಮುಖದಲ್ಲಿ.

"ಅದೇ ಮತ್ತೆ. ನಂಗೊಬ್ಬಂಗೇ ಕಾಣ್ತಿದ್ಯೇನೋ ಅಂತ..." ಮಾತು ಬಿಟ್ಟು, ಥಿನ್ನರ್‌ನಲ್ಲಿ ಅದ್ದಿದ ಹತ್ತಿಕಡ್ಡಿ ನನ್ನ ಕೈಗೆ ಕೊಟ್ಟ. "ನೀನೇ ತೆಗಿ. ನಿನ್ನ ಕೈ ಹಗುರ."

ಮೊದಲನೆಯವನು ನಗುವನ್ನು ತಡೆದುಕೊಂಡವನು. ಒತ್ತಿದೆ. ಹುಬ್ಬು ಹೋಯಿತು, ಆಮೇಲೆ ಬಾಯಿ. ಹತ್ತಿಯ ಮೇಲೆ ಗುಲಾಬಿ ಕಲೆ.

"ಹೋಯ್ತಾ ಮಂಜು?"

"ಹೋಯ್ತು."

ಎರಡನೆಯವನನ್ನು ತಡವಿ ಎತ್ತಿಕೊಟ್ಟ. ತುಂಬ ಚಿಕ್ಕವನು, ಮೀಸೆ ಕೂಡ ಬಂದಿಲ್ಲ. ಇವನ ಕಣ್ಣನ್ನು ಮಾಮ ಒಂದೇ ಕೂದಲಿನ ಕುಂಚದಲ್ಲಿ ಬರೆದಿದ್ದ; ಮೊದಲು ಅದನ್ನೇ ಒರೆಸಿದೆ.