ಹಿಂಬದಿಯ ಹಲಗೆ

ಹೊಳೆದಂಡೆ ಮನೆ, ಹೊನ್ನಾಳಿ ತಾಲ್ಲೂಕು
೧೪ ಏಪ್ರಿಲ್ ೧೯೮೬

ಮನೆಯಲ್ಲಿಲ್ಲದ ನಮ್ಮ ಮನೆಯವರಿಗೆ,

ಕಸ್ತೂರಮ್ಮನ ನಮಸ್ಕಾರಗಳು. ನಾನು ಚೆನ್ನಾಗಿದ್ದೇನೆ. ಜಗಳೂರಿನ ಬಿಸಿಲು ನಿಮ್ಮನ್ನು ಇನ್ನೆಷ್ಟು ಕರಿ ಮಾಡಿದೆಯೋ ಕಾಣೆ. ಲಕೋಟೆಯ ಮೇಲೆ ‘ಹಾಲೇಶಪ್ಪನವರಿಗೆ, ಓಬಳಪ್ಪನವರ ಪಂಪ್‌ಸೆಟ್ ರಿಪೇರಿ ಅಂಗಡಿ’ ಎಂದು ನಾನೇ ಬರೆದೆ. ಮದುವೆಯಾಗಿ ಹನ್ನೊಂದು ವರ್ಷಕ್ಕೆ ನಿಮ್ಮ ಹೆಸರು ನನ್ನ ಕೈಯಿಂದ ಬಂದದ್ದು ಇದೇ ಮೊದಲು. ಗಂಡನ ಹೆಸರು ಬಾಯಿಂದ ಬಂದರೆ ಅವನ ಆಯುಸ್ಸು ಕಡಿಮೆಯಾಗುತ್ತದೆಂದು ಅತ್ತೆ ಹೇಳುತ್ತಿದ್ದರು. ಪೆನ್ನಿನಿಂದ ಬಂದರೆ ಏನಾಗುತ್ತದೆಂದು ಹೇಳಿರಲಿಲ್ಲ. ಅದಕ್ಕೇ ಧೈರ್ಯ ಮಾಡಿದ್ದೇನೆ.

ಬರೆಯಬೇಕಾದ್ದನ್ನು ಮೊದಲೇ ಬರೆದುಬಿಡುತ್ತೇನೆ. ಐದು ವರ್ಷದ ಹಿಂದೆ ನಮ್ಮ ಫೈಬರ್ ದೋಣಿಯ ಹಿಂಬದಿ ನಡು ಹೊಳೆಯಲ್ಲಿ ಕಿತ್ತುಹೋಯಿತಲ್ಲ, ಅದು ನಿಮ್ಮ ಕೈಕೆಲಸದ ತಪ್ಪಲ್ಲ. ತಪ್ಪು ನನ್ನದು. ಅದು ಹೇಗೆಂದು ತಿಳಿಸುವುದಕ್ಕೇ ಈ ಕಾಗದ. ಓದಿದ ಮೇಲೆ ಊರಿಗೆ ಬರುವುದು ಬಿಡುವುದು ನಿಮಗೆ ಸೇರಿದ್ದು. ಬರಬೇಕೆಂದು ನನಗೆ ಆಸೆಯಿದೆ, ಅದನ್ನೇನೂ ಮುಚ್ಚಿಡುವುದಿಲ್ಲ.

ಎಪ್ಪತ್ತೊಂಬತ್ತರಲ್ಲಿ ಶಿವಮೊಗ್ಗದ ಹರಾಜಿನಿಂದ ನೀವು ಆ ದೋಣಿಯನ್ನು ಲಾರಿಯ ಮೇಲೆ ಹೇರಿಕೊಂಡು ಬಂದ ದಿನ ನೆನಪಿದೆಯೇ? ಊರಿಗೆ ಊರೇ ಹೊಳೆದಂಡೆಗೆ ಬಂದಿತ್ತು. ಹರಿಗೋಲು ಬಿಟ್ಟರೆ ಬೇರೇನೂ ನೋಡದ ಜನ. ವೀಳ್ಯದೆಲೆ ಮಾರುವ ದ್ಯಾಮಮ್ಮ ಬೆರಳಿನ ಗೆಣ್ಣಿನಿಂದ ಕುಟ್ಟಿ ನೋಡಿ, “ಇದೇನಪ್ಪ ಹಾಲೇಶಿ, ದೋಣಿ ಅಂತ ದೊಡ್ಡ ಪ್ಲಾಸ್ಟಿಕ್ ಬಾನಿ ತಂದೀಯ. ಇದ್ರಾಗೆ ಕುಂತ್ರೆ ಆಚೆ ದಡ ಮುಟ್ಟಾಕಿಲ್ಲ, ಸೀದಾ ಹರಿಹರಾನೇ ಮುಟ್ಟಾದು” ಅಂದಳು. ಮೊದಲ ಸಲ ನಾನೊಬ್ಬಳೇ ಹತ್ತಿದೆ. ಆಚೆ ದಡಕ್ಕೆ ಹೋಗಿ ಬರುವುದಕ್ಕೆ ಹರಿಗೋಲಿನಲ್ಲಿ ಅರ್ಧ ತಾಸು, ನಿಮ್ಮ ಮೋಟಾರಿನಲ್ಲಿ ಒಂದು ಎಲೆಯಡಿಕೆ ಹಾಕಿ ಉಗಿಯುವಷ್ಟು ಹೊತ್ತು. ಮರುವಾರದಿಂದ ಸಂತೆಗೆ ಹೋಗುವವರೆಲ್ಲ ನಿಮ್ಮ ದೋಣಿಗೇ ಕಾಯತೊಡಗಿದರು. ದ್ಯಾಮಮ್ಮನಂತೂ ಮುಂದಿನ ಜಾಗ ಯಾರಿಗೂ ಬಿಡುತ್ತಿರಲಿಲ್ಲ. ನೀವು ಹಿಂದೆ ಮೋಟಾರಿನ ಹಿಡಿಕೆ ಹಿಡಿದು, ತಲೆಗೆ ಕೆಂಪು ಟವೆಲು ಸುತ್ತಿಕೊಂಡು ಬರುವುದನ್ನು ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ನಿಮ್ಮ ಮುಂದೆ ಹೇಳಿರಲಿಲ್ಲ, ಹೇಳಿದ್ದರೆ ಇನ್ನಷ್ಟು ಬೀಗುತ್ತಿದ್ದಿರಿ.

ಎರಡು ವರ್ಷಕ್ಕೆ ಮೋಟಾರು ತಲೆಯಾಡಿಸತೊಡಗಿತು. ನೀವು ದೋಣಿಯನ್ನು ದಡಕ್ಕೆಳೆದು, ಎಂಟಾಣೆ ನಾಣ್ಯದಿಂದ ಹಿಂಬದಿಯನ್ನು ಉದ್ದಕ್ಕೂ ತಟ್ಟಿದಿರಿ. ನನ್ನ ಕಿವಿಯನ್ನೂ ಒತ್ತಿಸಿ ಕೇಳಿಸಿದಿರಿ. ಅಂಚಿನಲ್ಲಿ ಟಣ್ ಟಣ್, ಮೋಟಾರು ಕಚ್ಚಿಸಿದ ಕಡೆ ದಬ್ ದಬ್. ಒಳಗಿನ ಫೈಬರ್ ಹಾಳೆ ಕೊಯ್ದು ತೆಗೆದರೆ, ನಡುವೆ ಇದ್ದ ಪ್ಲೈವುಡ್ಡು ಸಾರಿನಲ್ಲಿ ನೆನೆದ ರೊಟ್ಟಿಯ ಹಾಗೆ ಬೆರಳಿಗೆ ಬಂತು. ಹಿಂದಿನವರು ಬೋಲ್ಟು ಕೂರಿಸಲು ತೂತು ಕೊರೆದು, ತೂತಿನ ಬಾಯಿಗೆ ಏನನ್ನೂ ಬಳಿಯದೆ ಬಿಟ್ಟಿದ್ದರು. ಆಗ ನೀವು ಹೇಳಿದ್ದು ನನಗಿನ್ನೂ ಹಾಗೇ ಇದೆ. “ಮರ ನೀರಿಗೆ ಕೆಡಾಕಿಲ್ಲ ಕಸ್ತೂರಿ. ಒಳಗೆ ಹೊಕ್ಕಿದ ನೀರಿಗೆ ಹೊರಗೆ ಬರಾಕೆ ದಾರಿ ಇಲ್ದಂಗಾದ್ರೆ ಕೆಡ್ತೈತೆ” ಅಂದಿರಿ.

ನಮ್ಮಪ್ಪ ಬಸವಾಪಟ್ಟಣದಲ್ಲಿ ನಲವತ್ತು ವರ್ಷ ಎತ್ತಿನಗಾಡಿ ಮಾಡಿದವರು. ಆ ಮನೆಯಲ್ಲಿ ಹುಟ್ಟಿದರೂ ನಾನು ಒಂದು ದಿನ ಉಳಿ ಮುಟ್ಟಿದವಳಲ್ಲ. ಹೆಣ್ಣುಮಕ್ಕಳು ಆಯುಧ ದಾಟಿದರೆ ಅದರ ಬಾಯಿ ಮೊಂಡಾಗುತ್ತದೆಂದು ಬೈಯುತ್ತಿದ್ದರು. ನೀವು ಮಾತ್ರ ಮೂರನೆಯ ದಿನ ಗರಗಸದ ಒಂದು ತುದಿ ನನ್ನ ಕೈಗೆ ಕೊಟ್ಟು, ಎಳೆಯಲು ಹೇಳಿದಿರಿ. ದಾರಿಯಲ್ಲಿ ಹೋಗುವವರು ನಿಂತು ನಕ್ಕರೆ, ನಿಮಗೆ ಅದರ ಪರಿವೆಯೇ ಇರಲಿಲ್ಲ. ನನ್ನ ಜೀವನದಲ್ಲಿ ಅಷ್ಟು ಸಂತೋಷದ ಹದಿನೈದು ದಿನ ಮತ್ತೆ ಬಂದಿಲ್ಲ.

ಅಪ್ಪ ಗಾಡಿಗೆಂದು ಇಟ್ಟಿದ್ದ ಹೊನ್ನೆ ಹಲಗೆ ಕೊಟ್ಟರು. ಅದನ್ನು ಅಳತೆಗೆ ಕೊಯ್ದಿಟ್ಟು, ಫೈಬರ್ ಅಂಟಿಸುವ ರೆಸಿನ್ ಡಬ್ಬವನ್ನೂ ಅದನ್ನು ಗಟ್ಟಿ ಮಾಡುವ ಔಷಧಿಯನ್ನೂ ತರಲು ನೀವು ದಾವಣಗೆರೆಗೆ ಹೋದಿರಿ. ಎರಡು ದಿನ ಅಲ್ಲೇ ಉಳಿದಿರಿ. ಹೊಸ ಮರಕ್ಕೆ ಹೊಂಗೆ ಎಣ್ಣೆ ಕುಡಿಸದೆ ಅಪ್ಪ ಗಾಡಿ ಕಟ್ಟಿದ್ದನ್ನು ನಾನು ನೋಡಿಯೇ ಇಲ್ಲ. ನೀರಲ್ಲೇ ಇರುವ ಹಲಗೆ ಇದು, ಇದಕ್ಕೆ ಬೇಡವೇ ಅನ್ನಿಸಿತು. ಎರಡು ದಿನವೂ ಬೆಳಿಗ್ಗೆ ಸಂಜೆ ಬಟ್ಟೆ ಅದ್ದಿ ಅದ್ದಿ ತಿಕ್ಕಿದೆ, ಕೂಸಿಗೆ ಎಣ್ಣೆ ಒತ್ತಿದ ಹಾಗೆ. ಮೇಲಿನ ಜಿಡ್ಡನ್ನು ಬೂದಿ ಹಾಕಿ ಒರೆಸಿ ಬಿಸಿಲಿಗಿಟ್ಟೆ. ನೀವು ದಾವಣಗೆರೆ ದೂಳಿಗೆ ನೆಗಡಿ ಹಿಡಿಸಿಕೊಂಡು ಬಂದಿದ್ದಿರಿ, ವಾಸನೆ ತಿಳಿಯಲಿಲ್ಲ. ಹಲಗೆ ಕಪ್ಪಾಗಿದ್ದು ಕಂಡು, ಮಾವ ಹಳೇ ಮರ ಕೊಟ್ಟಿದ್ದಾರೆ, ಒಳ್ಳೆಯದೇ ಆಯಿತು ಎಂದು ನೀವೇ ಅಂದುಕೊಂಡಿರಿ. ನಾನು ಮಾಡಿದ್ದು ಅಷ್ಟು ದೊಡ್ಡ ಸಂಗತಿಯೆಂದು ನನಗೆ ಅನ್ನಿಸಿರಲಿಲ್ಲ, ಹೇಳಲಿಲ್ಲ.

ಎಣ್ಣೆ ಕುಡಿದ ಮರಕ್ಕೆ ರೆಸಿನ್ ಹಿಡಿಯುವುದಿಲ್ಲವಂತೆ. ಅಂಟಿದ ಹಾಗೆ ಕಾಣುತ್ತದೆ, ಅಂಟಿರುವುದಿಲ್ಲ.

ದೀಪಾವಳಿಯ ಹಿಂದಿನ ಸಂತೆಯ ದಿನ ಆದದ್ದು ನಿಮಗೆ ಬರೆದು ತಿಳಿಸಬೇಕಾಗಿಲ್ಲ. ಹನ್ನೊಂದು ಜನ ಇದ್ದರು, ನಮ್ಮ ಅಣ್ಣ ಷಣ್ಮುಖಪ್ಪ, ಅತ್ತಿಗೆ, ದ್ಯಾಮಮ್ಮ ಎಲ್ಲ. ನಾನು ದಂಡೆಯಲ್ಲಿ ನಿಂತು ನೋಡುತ್ತಿದ್ದೆ. ಮೋಟಾರು ಅರ್ಧ ಹಲಗೆಯನ್ನು ಕಚ್ಚಿಕೊಂಡೇ ನೀರಿಗೆ ಬಿತ್ತು. ನೀವು ಎಲ್ಲರನ್ನೂ ಮೂತಿಯ ಕಡೆಗೆ ಸರಿಸಿ, ಸೀಳಿದ ಕಡೆ ಕಂಬಳಿ ತುರುಕಿ, ಬಿದಿರು ಗಳ ಹಾಕಿ ದಡ ಸೇರಿಸಿದಿರಿ. ಒಬ್ಬರ ಕೂದಲೂ ಕೊಂಕಲಿಲ್ಲ. ದ್ಯಾಮಮ್ಮನ ಎಲೆಬುಟ್ಟಿ ಹೋಯಿತು, ಅಷ್ಟೇ. ಆದರೆ ನೀವು ಎಲ್ಲರನ್ನೂ ಉಳಿಸಿದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಅಣ್ಣ ಒದ್ದೆ ಪಂಚೆ ಹಿಂಡುತ್ತ, ಅಷ್ಟು ಜನರ ಎದುರು, “ಇವ್ನ ಕೈಗೆ ಹನ್ನೊಂದು ಜೀವ ಕೊಟ್ಟಿದ್ವಿ. ಕೈಯಾಗೆ ಕಸುಬು ಇಲ್ದೋರು ದೋಣಿ ರಿಪೇರಿ ಮಾಡಾಕೆ ಹೋಗ್ಬಾರ್ದು. ಇನ್ಮ್ಯಾಲೆ ಯಾರೂ ಹತ್ತಬ್ಯಾಡ್ರಿ” ಅಂದ. ನೀವು ನಿಮ್ಮ ಎರಡೂ ಅಂಗೈ ನೋಡಿಕೊಂಡು ನಿಂತಿರಿ.

ಮೂರನೆಯ ದಿನ ಮೋಟಾರು ಮರಳಿನಲ್ಲಿ ಸಿಕ್ಕಿತು. ಬಿಚ್ಚಿ, ಒರೆಸಿ, ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದಿರಿ. ದೋಣಿಯನ್ನು ಹುಣಸೆಮರದ ಕೆಳಗೆ ಬೋರಲು ಹಾಕಿದಿರಿ. ಹೊಳೆ ಕಾಣದ ಊರಿಗೆ ಹೋಗುತ್ತೇನೆ ಎಂದು ಜಗಳೂರಿಗೆ ಹೋದಿರಿ. ಆಮೇಲೆ ಎರಡು ಸಲ ಬಂದಿರಿ, ಎರಡು ಸಲವೂ ಹಿತ್ತಲ ಬಾಗಿಲು ತೆಗೆಯಲಿಲ್ಲ. ಎರಡನೆಯ ಸಲ ನಾವು ಜಗಳವಾಡಿದೆವು. ನಾನು ಜಗಳೂರಿಗೆ ಬರುವುದಿಲ್ಲ ಎಂದೆ, ನೀವು ಇಲ್ಲಿರುವುದಿಲ್ಲ ಎಂದಿರಿ. ಅದಾಗಿ ಮೂರು ವರ್ಷ.

ಈ ಫೆಬ್ರವರಿಯಲ್ಲಿ ಅಣ್ಣ ಗಾಡಿ ಹೂಡಿಕೊಂಡು ಬಂದ. ದೋಣಿ ಸುಮ್ಮನೆ ಬಿದ್ದಿದೆ, ಎಮ್ಮೆಗಳಿಗೆ ನೀರು ಕುಡಿಸಲು ಬಾನಿ ಮಾಡಿಕೊಳ್ಳುತ್ತೇನೆ ಎಂದ. ನನಗೆ ಎಲ್ಲಿಂದ ಸಿಟ್ಟು ಬಂತೋ ಕಾಣೆ. ಎಮ್ಮೆಗೆ ಬಾನಿ ಬೇಕಿದ್ದರೆ ಕಲ್ಲು ಕಡಿಸಿಕೊ ಎಂದು ಗಾಡಿ ತಿರುಗಿಸಿ ಕಳಿಸಿದೆ. ಅವತ್ತೇ ಉಳಿ ಹಿಡಿದು ಕೂತು ಹಿಂಬದಿಯಲ್ಲಿ ಉಳಿದಿದ್ದ ಹಾಳೆ ಬಿಚ್ಚಿದೆ. ಫೈಬರ್ ಹಾಳೆ ಹಪ್ಪಳದ ಹಾಗೆ ಇಡಿಯಾಗಿ ಎದ್ದು ಬಂತು. ಉಳಿದರ್ಧ ಹಲಗೆ ಕೊಳೆತಿರಲಿಲ್ಲ, ಆದರೆ ಐದು ವರ್ಷವಾದರೂ ಹೊಂಗೆ ಎಣ್ಣೆ ನಾರುತ್ತಿತ್ತು. ನನ್ನ ತಪ್ಪು ನನಗೆ ತಿಳಿದದ್ದು ಆಗಲೇ.

ಆಮೇಲೆ ಎರಡು ತಿಂಗಳು ನಾನು ಬೇರೇನೂ ಮಾಡಿಲ್ಲ. ಹಳೇ ಹಲಗೆ ಕಿತ್ತು, ಹಿಂಬದಿಯ ಒಳಗನ್ನು ಸೀಗೆಪುಡಿ ಹಾಕಿ ಮೂರು ಸಲ ತೊಳೆದೆ, ಉಪ್ಪುಕಾಗದ ಹಾಕಿ ಉಜ್ಜಿದೆ, ಥಿನ್ನರಿನಲ್ಲಿ ಒರೆಸಿದೆ. ಇಪ್ಪತ್ತು ದಿನ ಬಿಸಿಲಿಗೆ ಬಿಟ್ಟೆ. ದಾವಣಗೆರೆ ಅಂಗಡಿಯವನು ಯಾರಿಗಮ್ಮ ಇದೆಲ್ಲ ಎಂದು ಕೇಳಿದ, ಮನೆಯವರು ತರಲು ಹೇಳಿದ್ದಾರೆ ಎಂದೆ. ಎಣ್ಣೆ ತಾಗಿದ ಮರಕ್ಕೆ ರೆಸಿನ್ ಹಿಡಿಯುವುದಿಲ್ಲವೆಂದು ಬಾಯಿಬಿಟ್ಟು ಹೇಳಿದವನು ಅವನೇ. ಹಳೆಯ ಪತ್ರಿಕೆ ಇಟ್ಟು ಅಳತೆ ಕತ್ತರಿಸಿ, ನೀರು ತಡೆಯುವ ಪ್ಲೈವುಡ್ಡನ್ನು ಅಪ್ಪನ ಗರಗಸದಿಂದ ಎರಡು ಪದರ ಕೊಯ್ದೆ. ಗರಗಸದ ಬಾಯಿ ಮೊಂಡಾಗಲಿಲ್ಲ. ರೆಸಿನ್ ಕಲಸುವಾಗ ಮಾತ್ರ ಹಾಲಿಗೆ ಹೆಪ್ಪು ಹಾಕಿದಂತೆ ಕಣ್ಣಳತೆಯಲ್ಲಿ ಔಷಧಿ ಸುರಿದೆ. ಏಪ್ರಿಲ್ ಬಿಸಿಲು ಬೇರೆ. ಚೊಂಬು ಹೊಗೆಯಾಡಿ, ಕಲಸುವ ಕೋಲು ಒಳಗೇ ಕಲ್ಲಾಗಿ ನಿಂತಿತು. ಚೊಂಬು ಈಗಲೂ ಕೋಲು ಕಚ್ಚಿಕೊಂಡೇ ಗೂಟಕ್ಕೆ ನೇತಾಡುತ್ತಿದೆ, ಬಂದರೆ ನಗಬಹುದು. ಆಮೇಲೆ ಪಕ್ಕದ ಮನೆಯಿಂದ ಕೂಸಿಗೆ ಔಷಧಿ ಕುಡಿಸುವ ಒಳಲೆ ತಂದು ಅದರಲ್ಲಿ ಅಳೆದು, ಸ್ವಲ್ಪ ಸ್ವಲ್ಪವೇ ಕಲಸಿದೆ. ಪದರಗಳನ್ನು ಕೂರಿಸಿ, ಗಾಡಿಚಕ್ರಕ್ಕೆ ಹೊಡೆಯುವ ಬೆಣೆಗಳನ್ನೇ ಹೊಡೆದು ಒತ್ತಿದೆ. ಮೇಲೆ ಫೈಬರ್ ಬಟ್ಟೆ ನಾಲ್ಕು ಸುತ್ತು. ನಿನ್ನೆ ಎಂಟಾಣೆಯಿಂದ ಈ ತುದಿಯಿಂದ ಆ ತುದಿಗೆ ತಟ್ಟಿದೆ. ಎಲ್ಲ ಕಡೆ ಟಣ್ ಎನ್ನುತ್ತದೆ.

ಮೋಟಾರಿಗೆ ತೂತು ಮಾತ್ರ ಕೊರೆದಿಲ್ಲ. ಅದು ನಿಮ್ಮ ಕೆಲಸ. ಜೂನಿನಲ್ಲಿ ಹೊಳೆ ಏರುತ್ತದೆ. ದ್ಯಾಮಮ್ಮ ದಿನಾ ಬಂದು ನೋಡಿ ಹೋಗುತ್ತಾಳೆ. “ಹಾಲೇಶಿ ಬಂದ್ರೆ ಮೊದ್ಲು ನಾನೇ ಹತ್ತಾಕಿ ಅಂತ ಬರಿ” ಅಂದಿದ್ದಾಳೆ, ಬರೆದಿದ್ದೇನೆ. ಅಣ್ಣನಿಗೂ ಎಣ್ಣೆಯ ಸಂಗತಿ ನಾನೇ ಹೇಳಿದೆ. ಅವನು ಹೋಗಿ ಹೊಸ ಹಿಂಬದಿಯನ್ನು ತಟ್ಟಿ ನೋಡಿದ. ಆಮೇಲೆ, ನಾನೇ ಜಗಳೂರಿಗೆ ಹೋಗಿ ಭಾವನ ಕೈಹಿಡಿದು ಕರೆದು ತರಲೇ ಎಂದು ಕೇಳಿದ. ಬೇಡ, ಮೊದಲು ನಾನು ಬರೆಯುತ್ತೇನೆ ಎಂದೆ.

ನಿಮ್ಮ ಕೈ ಒಳ್ಳೆಯ ಕೈ. ಅಂದೂ ಒಳ್ಳೆಯದೇ ಇತ್ತು.

ಉತ್ತರ ಬರೆದರೂ ಸರಿ, ಬರೆಯದೆ ಬಂದರೂ ಸರಿ, ದಾರಿ ನೋಡುತ್ತಿರುವ
ನಿಮ್ಮ
ಕಸ್ತೂರಮ್ಮ

ವಿ.ಸೂ. ಕಾಗದ ಮಡಚಿ ಅಂಟು ಹಚ್ಚಿದ್ದವಳು ಮತ್ತೆ ಬಿಚ್ಚಿದ್ದೇನೆ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ತಪ್ಪು ತಿಳಿದದ್ದು ಈ ಫೆಬ್ರವರಿಯಲ್ಲಿ ಅಲ್ಲ, ಅವತ್ತೇ. ಅಣ್ಣ ಬೈಯುತ್ತಿದ್ದಾಗ ನಾನು ದೋಣಿಯ ಹಿಂದೆ ಬಂದು ಮುರಿದ ಹಲಗೆಯನ್ನು ಮುಟ್ಟಿದ್ದೆ. ಕೈಗೆ ಎಣ್ಣೆ ಅಂಟಿತು. ರೆಸಿನ್ನಿನ ವಿಷಯ ನನಗೆ ಗೊತ್ತಿರಲಿಲ್ಲ, ಆದರೆ ಎಣ್ಣೆಯಿಂದಲೇ ಹೀಗಾಯಿತೆಂದು ಕೈಗೆ ತಿಳಿಯಿತು. ಸೆರಗಿಗೆ ಒರೆಸಿಕೊಂಡು ಬಾಯಿ ಮುಚ್ಚಿಕೊಂಡು ನಿಂತೆ. ಅಣ್ಣನಿಗೆ ಹೆದರಿ ಅಲ್ಲ. ಹೇಳಿದರೆ ನೀವು ಇನ್ನೆಂದೂ ನನ್ನ ಕೈಗೆ ಗರಗಸ ಕೊಡುವುದಿಲ್ಲ ಎಂದು ಹೆದರಿದ್ದೆ. ಐದು ವರ್ಷ ನಿಮ್ಮನ್ನೇ ಕೊಟ್ಟು ಅದನ್ನು ಉಳಿಸಿಕೊಂಡೆ. ಈಗ ಗರಗಸ ಬಾರದಿದ್ದರೆ ಬೇಡ, ನೀವು ಬನ್ನಿ.